ಎಣ್ಣೆ ಜಾಡಿಗಳ ಗುಡ್ಡ

ರೋಮಿಗೆ ಹೋದವರೆಲ್ಲ ಕೊಲೋಸಿಯಮ್ಮಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಆ ಊರಿನ ದೊಡ್ಡಸ್ತಿಕೆಯನ್ನು ಅಳೆಯಬೇಕಾದದ್ದು ಟೆಸ್ಟಾಚಿಯೊ ಗುಡ್ಡದಲ್ಲಿ. ಸುಮಾರು 35 ಮೀಟರ್ ಎತ್ತರದ ಆ ಗುಡ್ಡದಲ್ಲಿ ಹುಡುಕಿದರೂ ಬಂಡೆಯಿಲ್ಲ. ಇರುವುದೆಲ್ಲ ಸ್ಪೇನ್, ಉತ್ತರ ಆಫ್ರಿಕಾಗಳಿಂದ ಆಲಿವ್ ಎಣ್ಣೆ ಹೊತ್ತು ತಂದ ಮಣ್ಣಿನ ಜಾಡಿಗಳ ಚೂರು. ಎಣ್ಣೆ ಹೀರಿದ ಜಾಡಿ ಮತ್ತೆ ಬಳಕೆಗೆ ಬಾರದೆಂದು ಒಡೆದು, ಸಾಲಾಗಿ ಒಟ್ಟಿ, ನಾತಕ್ಕೆ ಸುಣ್ಣ ಎರಚಿದ್ದಾರೆ. ಕೆಲವು ಚೂರುಗಳ ಮೇಲೆ ಎಣ್ಣೆಯ ತೂಕ, ವ್ಯಾಪಾರಿಯ ಹೆಸರು ಇನ್ನೂ ಉಳಿದಿವೆ. ಚಕ್ರವರ್ತಿಯ ಶಾಸನ ಬಡಾಯಿ ಕೊಚ್ಚಿದರೂ ಕೊಚ್ಚೀತು, ಈ ಲೆಕ್ಕಕ್ಕೆ ಅಂಥ ದರ್ದಿಲ್ಲ.

ಕಸ ನೋಡಲು ವಿಮಾನ ಹತ್ತಬೇಕೆ, ನಮ್ಮೂರಲ್ಲೇ ಬೇಕಾದಷ್ಟಿದೆಯಲ್ಲ ಎನ್ನುವವರಿದ್ದಾರೆ. ಇದೆ, ಒಪ್ಪಿದೆ, ಆದರೆ ಅದರ ಬುಡದಲ್ಲಿ ಕೂತು ಯಾರಾದರೂ ಉಂಡಾರೆಯೇ? ಟೆಸ್ಟಾಚಿಯೊದ ಬುಡ ಕೊರೆದ ತಂಪು ಮಾಳಿಗೆಗಳಲ್ಲಿ ಹಿಂದೆ ವೈನ್ ಇಡುತ್ತಿದ್ದರು; ಈಗ ಪಾಸ್ತಾ ಬಡಿಸುತ್ತಾರೆ, ಗಾಜಿನಾಚೆ ಚೂರುಗಳ ಪದರ ಕಾಣುವಂತೆ.