ಡ್ರೋನಿನ ಹೊಟ್ಟೆಯೊಳಗೊಂದು ಮಡಿ

ಮಡಿ ಎಂಬುದು ನಮ್ಮ ಬಹುಪಾಲು ಮನೆಗಳಿಂದ ಕಾಲ್ತೆಗೆದಿದೆ. ಹೋದದ್ದು ಒಳ್ಳೆಯದೇ ಆಯಿತು. ಯಾಕೆ ಮುಟ್ಟಬಾರದು ಎಂದು ಕೇಳಿದರೆ ಅದರ ಬಳಿ ಉತ್ತರವಿರಲಿಲ್ಲ. ಆದರೆ ಒಂದು ಕಡೆ ಮಾತ್ರ ಅದನ್ನು ಕರೆದು ಮಣೆ ಹಾಕಿ ಕೂರಿಸಬೇಕು ಎಂಬುದು ನನ್ನ ವಾದ. ಅದು ಹವ್ಯಾಸಿಗಳು ಬಿಡಿಭಾಗ ತಂದು ಕಟ್ಟುವ ಡ್ರೋನಿನ ಹೊಟ್ಟೆ. ಈ ಹವ್ಯಾಸದವರು ಮೋಟರಿನ ಆಯ್ಕೆಗೆ ವಾರಗಟ್ಟಲೆ ಚರ್ಚಿಸುತ್ತಾರೆ, ಪ್ರೊಪೆಲ್ಲರಿನ ಬಣ್ಣಕ್ಕೆ ಮನೆಮಂದಿಯ ಅಭಿಪ್ರಾಯ ಕೇಳುತ್ತಾರೆ. ವೈರಿಂಗಿಗೆ ಮಾತ್ರ ರಾತ್ರಿ ಹನ್ನೊಂದರ ಮುಹೂರ್ತ. ಬೆಳಗ್ಗೆ ಹಾರಿಸಲೇಬೇಕೆಂಬ ಹಟದಲ್ಲಿ ಉಳಿದದ್ದನ್ನೆಲ್ಲ ಒಳಗೆ ತುರುಕಿ, ಜಿಪ್ ಟೈ ಎಳೆದು, ಮುಚ್ಚಳ ಹಾಕಿದರೆ ಮುಗಿಯಿತು. ಮುಚ್ಚಳದ ಒಳಗೆ ಯಾರು ಯಾರನ್ನು ಮುಟ್ಟಿಕೊಂಡಿದ್ದಾರೆ ಎಂಬುದು ಆಮೇಲೆ ಆಕಾಶದಲ್ಲಿ ಬಯಲಾಗುತ್ತದೆ.

ಈ ಮಡಿಗೆ ಕಾರಣವಿದೆ, ಕಾರಣಕ್ಕೆ ಲೆಕ್ಕವೂ ಇದೆ. ಎಫ್450 ಎಂಬ ಹೆಸರಿನಲ್ಲಿ ಧಾರಾಳವಾಗಿ ಸಿಗುವ 450 ಮಿಲಿಮೀಟರಿನ ಚೌಕಟ್ಟನ್ನೇ ತೆಗೆದುಕೊಳ್ಳಿ. ಅದರ ಕೆಳಗಿನ ಪ್ಲೇಟಿನೊಳಗೇ ತಾಮ್ರದ ಹಾದಿ ಹಾಸಿರುತ್ತದೆ. ಬ್ಯಾಟರಿಯ ವೈರೂ ಮೋಟರುಗಳ ವೇಗ ನೋಡಿಕೊಳ್ಳುವ ನಾಲ್ಕು ಇಎಸ್‌ಸಿಗಳ ವೈರೂ ಅಲ್ಲಿಗೇ ಬೆಸುಗೆಯಾಗುತ್ತವೆ. ಇಂಥ ಡ್ರೋನು ಗಾಳಿಯಲ್ಲಿ ಸುಮ್ಮನೆ ನಿಂತಿರುವುದಕ್ಕೇ 15–20 ಆಂಪಿಯರ್ ಎಳೆಯಬಲ್ಲದು. ಕರೆಂಟು ಹರಿಯುವ ವೈರು ಪಕ್ಕದ ದಿಕ್ಸೂಚಿಯ ಮುಳ್ಳನ್ನು ಕದಲಿಸುತ್ತದೆ ಎಂದು ಕೋಪನ್‌ಹೇಗನ್ನಿನ ಓರ್‌ಸ್ಟೆಡ್ 1820ರಲ್ಲೇ ಲೋಕಕ್ಕೆ ಸಾರಿದ್ದ. ನಮ್ಮ ಹುಡುಗರು ಆ ಪ್ರಯೋಗವನ್ನು ದುಬಾರಿ ಬೆಲೆ ತೆತ್ತು ಪ್ರತಿ ಭಾನುವಾರ ಮತ್ತೆ ಮಾಡುತ್ತಾರೆ. 20 ಆಂಪಿಯರ್ ಹರಿಯುವ ಒಂಟಿ ನೇರ ವೈರಿನಿಂದ 10 ಸೆಂಟಿಮೀಟರ್ ಆಚೆ ಕಾಂತಕ್ಷೇತ್ರ 40 ಮೈಕ್ರೋಟೆಸ್ಲಾ. ಬೆಂಗಳೂರಿನಲ್ಲಿ ಭೂಮಿಯದೇ ಕ್ಷೇತ್ರ ಹೆಚ್ಚುಕಡಿಮೆ ಅಷ್ಟೇ. ಡ್ರೋನಿಗೆ ದಿಕ್ಕು ಹೇಳುವ ಕಂಪಾಸನ್ನು 2 ಸೆಂಟಿಮೀಟರಿಗೆ ತಂದಿಟ್ಟರೆ ವೈರಿನ ಪಾಲು 200ಕ್ಕೆ ಏರುತ್ತದೆ. ಇಡೀ ಭೂಗೋಳ ಒಂದು ಕಡೆ, ಗೇಣುದ್ದದ ವೈರು ಇನ್ನೊಂದು ಕಡೆ, ಗೆಲ್ಲುವುದು ವೈರು. ಪಾಪದ ಕಂಪಾಸು ವೈರು ತೋರಿಸಿದ ದಿಕ್ಕೇ ಉತ್ತರವೆಂದು ನಂಬಿ ಕೂರುತ್ತದೆ.

ನಂಬಿದ ಮೇಲೆ ನಡೆಯುವುದನ್ನು ಬಲ್ಲವರು ‘ಟಾಯ್ಲೆಟ್ ಬೌಲಿಂಗ್’ ಎನ್ನುತ್ತಾರೆ. ಇದ್ದಲ್ಲೇ ನಿಲ್ಲು ಎಂದು ಹೇಳಿದ ಡ್ರೋನು ಕಮೋಡಿನಲ್ಲಿ ನೀರು ಸುತ್ತುವ ಹಾಗೆ ಸುತ್ತತೊಡಗಿ, ಸುತ್ತು ಹಿಗ್ಗಿಸುತ್ತ, ತೆಂಗಿನ ಮರವನ್ನೋ ನೀರಿನ ಟ್ಯಾಂಕನ್ನೋ ಹುಡುಕಿಕೊಂಡು ಹೋಗುತ್ತದೆ. ಜಿಪಿಎಸ್ ಸ್ಥಳವನ್ನು ಸರಿಯಾಗಿ ಹೇಳುತ್ತಿದ್ದರೂ ಮೂತಿ ಎತ್ತ ಇದೆ ಎಂಬುದೇ ತಪ್ಪಾದ್ದರಿಂದ ಪ್ರತಿ ತಿದ್ದುಪಡಿಯೂ ಓರೆಯಾಗಿ ಬೀಳುತ್ತದೆ. ಇಲ್ಲಿ ನನಗೆ ಹೆಚ್ಚು ಭಯ ಸೋಮಾರಿಗಳದ್ದಲ್ಲ, ಅಚ್ಚುಕಟ್ಟಿನವರದು. ಸೋಮಾರಿಯ ವೈರುಗಳು ಎಲ್ಲೆಲ್ಲೋ ಬಿದ್ದಿರುವುದರಿಂದ ದೈವವಶಾತ್ ದೂರವೂ ಇರಬಹುದು. ಅಚ್ಚುಕಟ್ಟಿನವನು ಬ್ಯಾಟರಿ ವೈರು, ಸಿಗ್ನಲ್ ವೈರು, ಕಂಪಾಸಿನ ವೈರು ಎಲ್ಲವನ್ನೂ ಒಂದೇ ಕಟ್ಟಾಗಿ ಬಿಗಿದು, ಕಪ್ಪು ಜಾಲರಿ ತೊಡಿಸಿ ಫೋಟೋ ತೆಗೆಯುತ್ತಾನೆ. ಫೋಟೋದಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ. ಮಡಿಯ ದೃಷ್ಟಿಯಿಂದ ಮಾತ್ರ ಮಹಾಪರಾಧ.

ಅಂಗೈಯಗಲದ ಹೊಟ್ಟೆಯಲ್ಲಿ ಅಷ್ಟು ದೂರ ಎಲ್ಲಿಂದ ತರೋಣ ಎಂಬುದು ಮೊದಲ ಆಕ್ಷೇಪ. ನ್ಯಾಯವಾದದ್ದೇ. ಅದಕ್ಕೇ ಕಂಪಾಸನ್ನೂ ಜಿಪಿಎಸ್ಸನ್ನೂ ಒಂದೇ ಡಬ್ಬಿಯಲ್ಲಿಟ್ಟು ಕಂಬದ ಮೇಲೆ ಏರಿಸುವುದು. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಬರುವ ಕ್ಷೀಣ ದನಿ ಕೇಳಬೇಕಾದ ಜಿಪಿಎಸ್ಸಿಗೂ ಕ್ಯಾಮೆರಾ, ವಿಡಿಯೋ ಟ್ರಾನ್ಸ್‌ಮಿಟರುಗಳ ಗಲಾಟೆಯಿಂದ ದೂರವಿರುವುದು ಹಿತ. ಕಂಬ ಹಾಕಿದರೆ ಡ್ರೋನಿನ ಚೆಲುವು ಕೆಡುತ್ತದೆ ಎನ್ನುವವರಿಗೆ ಇನ್ನೊಂದು ದಾರಿಯಿದೆ, ಅದಕ್ಕೆ ದುಡ್ಡೂ ಬೇಡ: ಬ್ಯಾಟರಿಯ ಕೆಂಪು, ಕಪ್ಪು ವೈರುಗಳನ್ನು ಒಂದಕ್ಕೊಂದು ಸುತ್ತಿ ಹುರಿ ಮಾಡುವುದು. ಹೋಗುವ ಕರೆಂಟೂ ಬರುವ ಕರೆಂಟೂ ಸಮನಾಗಿರುವುದರಿಂದ ಒಂದರ ಕ್ಷೇತ್ರವನ್ನು ಇನ್ನೊಂದು ಬಹುಪಾಲು ಅಳಿಸಿಹಾಕುತ್ತದೆ. ಎರಡನ್ನೂ ಬೇರೆ ಬೇರೆ ಮೂಲೆಯಿಂದ ತಂದರೆ ಮಾತ್ರ ನಡುವಿನ ಜಾಗವೆಲ್ಲ ಮೈಲಿಗೆ.

ಇನ್ನೊಂದು ಆಕ್ಷೇಪ ಸಾಫ್ಟ್‌ವೇರಿನವರದು. ಡ್ರೋನ್ ಹಾರಿಸುವ ಆರ್ಡುಪೈಲಟ್ ಎಂಬ ಸಾಫ್ಟ್‌ವೇರಿನಲ್ಲಿ ಕಂಪಾಸ್‌ಮಾಟ್ ಎಂಬ ಪರೀಕ್ಷೆಯಿದೆಯಲ್ಲ, ಕರೆಂಟು ಏರಿದಂತೆ ಕಂಪಾಸು ಎಷ್ಟು ದಾರಿ ತಪ್ಪುತ್ತದೆಂದು ಅಳೆದು ಅದೇ ತಿದ್ದಿಕೊಳ್ಳುತ್ತದಲ್ಲ, ಮತ್ತೇಕೆ ಈ ಶಾಸ್ತ್ರ? ತಿದ್ದುವುದು ನಿಜ. ಆದರೆ ಅದು ಅಳೆದ ದಿನ ವೈರು ಎಲ್ಲಿತ್ತೋ ಅಲ್ಲೇ ಇರುತ್ತದೆಂದು ನಂಬಿಕೊಂಡಿರುತ್ತದೆ. ಬ್ಯಾಟರಿ ಬದಲಿಸುವಾಗ ವೈರು ಎರಡು ಬೆರಳು ಆಚೀಚೆ ಸರಿದರೆ ತಿದ್ದುಪಡಿಯನ್ನೇ ತಿದ್ದಬೇಕಾಗುತ್ತದೆ. ರೇಸಿಂಗ್ ಡ್ರೋನಿನವರ ತಕರಾರು ಇದಕ್ಕಿಂತ ಗಟ್ಟಿ. ಅವರು 30.5 ಮಿಲಿಮೀಟರ್ ಅಂತರದ ಸ್ಕ್ರೂಗಳ ಮೇಲೆ ಎಲ್ಲ ಬೋರ್ಡುಗಳನ್ನೂ ಅಂತಸ್ತು ಅಂತಸ್ತಾಗಿ ಪೇರಿಸಿ ಮಿಂಚಿನಂತೆ ಹಾರಿಸುತ್ತಾರೆ. ಒಪ್ಪಿದೆ, ಆದರೆ ಅವರ ಡ್ರೋನುಗಳಲ್ಲಿ ಸಾಮಾನ್ಯವಾಗಿ ಕಂಪಾಸೇ ಇರುವುದಿಲ್ಲ. ದಿಕ್ಕಿನ ಚಿಂತೆ ವಿಡಿಯೋ ಕನ್ನಡಕ ತೊಟ್ಟ ಪೈಲಟ್ಟಿನದು. ಮಡಿಯುಟ್ಟವರೇ ಇಲ್ಲದ ಮನೆಯಲ್ಲಿ ಮೈಲಿಗೆಯ ಮಾತೆಲ್ಲಿ ಬಂತು? ಅಲ್ಲೂ ತಿರುಗುವಿಕೆ ಅಳೆಯುವ ಗೈರೋ ಇರುವ ಬೋರ್ಡನ್ನು ರಬ್ಬರಿನ ಮೇಲೆ ಕೂರಿಸಿ ಮೋಟರುಗಳ ನಡುಕದಿಂದ ಕಾಪಾಡುತ್ತಾರೆ, ವೋಲ್ಟೇಜಿನ ಜಿಗಿತ ನುಂಗಲು ಬ್ಯಾಟರಿಯ ಬಾಯಲ್ಲಿ ಕೆಪಾಸಿಟರ್ ಹಾಕುತ್ತಾರೆ. ದೂರಕ್ಕೆಂದು ವೈರು ಉದ್ದ ಮಾಡಬೇಕಾಗಿ ಬಂದರೆ ಬ್ಯಾಟರಿಗೂ ಇಎಸ್‌ಸಿಗೂ ನಡುವಿನದನ್ನು ಮಾಡಬೇಡಿ, ಆ ಜಿಗಿತ ಹೆಚ್ಚುವುದು ಅದರಿಂದಲೇ. ಮೋಟರಿನ ಕಡೆಯದನ್ನು ಮಾಡಿ.

ಹಳೆಯ ಮಡಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇದನ್ನು ಅಳೆದು ನೋಡಬಹುದು. ಅದೇ ಕಂಪಾಸ್‌ಮಾಟ್ ಕೊನೆಯಲ್ಲಿ ಒಂದು ಶೇಕಡಾವಾರು ಹೇಳುತ್ತದೆ. 30ಕ್ಕಿಂತ ಕಡಿಮೆಯಾದರೆ ನಿಶ್ಚಿಂತೆ, 60 ದಾಟಿದರೆ ಕಂಪಾಸಿನ ಜಾಗ ಬದಲಿಸಲೇಬೇಕು, ನಡುವಿನದು ಅನುಮಾನದ ಸೀಮೆ. ಡ್ರೋನು ಸುತ್ತು ಹೊಡೆಯಿತೆಂದು ಜಿಪಿಎಸ್ಸನ್ನು ಬೈದು, ಹೊಸದೊಂದನ್ನು ತರಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟವರು ದಯವಿಟ್ಟು ಒಂದು ಗಳಿಗೆ ನಿಲ್ಲಿ. ಮುಚ್ಚಳ ತೆಗೆದು, ಮೊದಲು ಆ ಕೆಂಪು ಕಪ್ಪು ವೈರುಗಳನ್ನು ಹುರಿ ಮಾಡಿ, ಕಂಪಾಸಿನಿಂದ ದೂರ ಸರಿಸಿ, ಇನ್ನೊಮ್ಮೆ ಅಳೆದು ನೋಡಿ.