ಚುಕ್ಕಿ ನುಂಗುವ ಹುಟ್ಟುಹಬ್ಬ

ಅವರೆಕಾಯಿ ಕಾಲದಲ್ಲಿ ನಮ್ಮ ಕಾಂಪೌಂಡ್ ಗೋಡೆಗೆ ಬಿಡುವೇ ಇರುವುದಿಲ್ಲ. ಯಲಹಂಕ ಉಪನಗರದ ನಮ್ಮ ಬೀದಿಯಲ್ಲಿ 30×40 ಸೈಟಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಪಕ್ಕದ ಆಂಟಿಯ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಎದೆಮಟ್ಟದ ಗೋಡೆ ಒಂದೇ. ಗೋಡೆಯ ಆ ಕಡೆ ಅವರ ಮೊರ, ಈ ಕಡೆ ನನ್ನ ಪಾತ್ರೆ. ಕಾಳು ಸುಲಿಯುತ್ತ ಊರಿನ ಸುದ್ದಿಯೆಲ್ಲ ಆದ ಮೇಲೆ, ಹೋದ ಭಾನುವಾರ ನಾನು ಮಗನ ಹುಟ್ಟುಹಬ್ಬದ ಮಾತು ತೆಗೆದೆ.

"ಸಂಕ್ರಾಂತಿ ಕಳೆದ ಮುಂದಿನ ಭಾನುವಾರಕ್ಕೆ ಎಂಟು ತುಂಬತ್ತೆ ಆಂಟಿ. ಈ ಸಲ ಅವನಿಗೆ ವಿಡಿಯೋ ಗೇಮ್ ಥೀಮೇ ಬೇಕಂತೆ."

"ಥೀಮು ಅಂದ್ರೆ ಏನಮ್ಮಾ?"

"ಅಲಂಕಾರ, ಕೇಕು, ಆಟ, ಎಲ್ಲಾನೂ ಗೇಮಿನ ಥರಾನೇ ಇರ್ಬೇಕು ಅಂತ. ಮಾಲ್‌ನಲ್ಲಿ ಮಾಡ್ಕೊಡ್ತಾರೆ. ಆದ್ರೆ ಅಲ್ಲಿ ಮಕ್ಕಳು ಒಂದೊಂದು ಮೆಷೀನಿನ ಮುಂದೆ ನಿಂತ್ಕೊಂಡ್ಬಿಡ್ತಾರೆ. ಹೋದ ವರ್ಷ ಅಂಥದ್ದೊಂದಕ್ಕೆ ಹೋಗಿದ್ವಿ. ಎರಡು ಗಂಟೆ ಹೊತ್ತು ಒಂದು ಮಗು ಇನ್ನೊಂದರ ಮುಖ ನೋಡ್ಲಿಲ್ಲ. ನಮ್ಮನೇಲೇ ಮಾಡೋಣ ಅಂತಿದೀನಿ."

"ಮಾಡು ಮತ್ತೆ. ಯಾವ ಗೇಮು?"

ತೊಡಕಿದ್ದದ್ದು ಅಲ್ಲೇ. ಮಗ ಕೇಳಿದ್ದು ಪಬ್ಜಿ ಅನ್ನುವ ಬಂದೂಕಿನ ಆಟ. ಪಬ್ಜಿಯನ್ನು ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು, 2021ರ ಜುಲೈನಲ್ಲಿ ಅದು ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು. ಮಕ್ಕಳ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಪಬ್ಜಿಯೇ. ನನ್ನ ಮಗ ಅದನ್ನು ಒಂದು ಸಲವೂ ಆಡಿಲ್ಲ. ಸ್ಕೂಲ್ ವ್ಯಾನಿನಲ್ಲಿ ದೊಡ್ಡ ಹುಡುಗರು ಮಾತಾಡುವುದನ್ನು ಕೇಳಿಸಿಕೊಂಡಿದ್ದಾನೆ, ಅಷ್ಟೇ. ಎಂಟು ವರ್ಷದ ಮಗುವಿನ ಹುಟ್ಟುಹಬ್ಬದಲ್ಲಿ ಮಕ್ಕಳು ಒಬ್ಬರಿಗೊಬ್ಬರು ಗುರಿಯಿಟ್ಟು ಓಡಾಡುವುದು ನನ್ನ ಮನಸ್ಸಿಗೆ ಒಪ್ಪುವ ಸಂಗತಿ ಅಲ್ಲ.

ಆಂಟಿ ಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳಿದರು: "ಹೊಡೆಯೋದು ಬಿಟ್ಟು ತಿನ್ನೋ ಆಟ ಯಾವುದೂ ಇಲ್ವೇನಮ್ಮಾ?"

ಜಪಾನಿನಲ್ಲಿ ಒಬ್ಬರ ತಲೆಯಲ್ಲೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಹುಟ್ಟಿತ್ತು. ಅವರು ನಾಮ್ಕೋ ಕಂಪನಿಯಲ್ಲಿದ್ದ ತೋರು ಇವಾತಾನಿ. ಆಗ ಅಲ್ಲಿನ ಗೇಮ್ ಅಂಗಡಿಗಳ ತುಂಬ ಅನ್ಯಗ್ರಹದವರನ್ನು ಹೊಡೆದು ಬೀಳಿಸುವ ಆಟಗಳೇ, ಬರುತ್ತಿದ್ದವರು ಗಂಡಸರೇ. ಹೆಣ್ಣುಮಕ್ಕಳೂ ಬಂದು ಆಡುವಂಥದ್ದು ಏನು ಅಂತ ಯೋಚಿಸುತ್ತ ಅವರು ಹಿಡಿದ ಎಳೆ 'ತಿನ್ನುವುದು'. 1980ರ ಮೇ ತಿಂಗಳಲ್ಲಿ ಪ್ಯಾಕ್‌ಮ್ಯಾನ್ ಹೊರಬಂತು. ಜಪಾನಿ ಭಾಷೆಯಲ್ಲಿ ಬಾಯಿ ತೆರೆದು ಮುಚ್ಚುತ್ತ ತಿನ್ನುವ ಸದ್ದಿಗೆ 'ಪಕು ಪಕು' ಅನ್ನುತ್ತಾರೆ, ನಾವು 'ಗಬಗಬ' ಅನ್ನುವ ಹಾಗೆ. ಹೆಸರು ಬಂದದ್ದು ಅದರಿಂದಲೇ.

ಇದನ್ನೆಲ್ಲ ಹೇಳಿ, ಆಟ ಹೇಗೆ ಅಂತಲೂ ವಿವರಿಸಿದೆ. ಓಣಿ ಓಣಿಗಳ ಒಂದು ಚಕ್ರವ್ಯೂಹ. ಓಣಿಯ ಉದ್ದಕ್ಕೂ ಚುಕ್ಕಿಗಳು. ಹಳದಿ ಗುಂಡಣ್ಣ ಒಂದೊಂದೇ ಚುಕ್ಕಿ ನುಂಗುತ್ತ ಹೋಗಬೇಕು. ನಾಲ್ಕು ಭೂತಗಳು ಹಿಂದೆ ಬೀಳುತ್ತವೆ. ನಾಲ್ಕು ಮೂಲೆಯಲ್ಲಿ ನಾಲ್ಕು ದಪ್ಪ ಚುಕ್ಕಿಗಳಿವೆ. ಅವುಗಳಲ್ಲಿ ಒಂದನ್ನು ನುಂಗಿದರೆ ಸ್ವಲ್ಪ ಹೊತ್ತು ಭೂತಗಳೇ ಹೆದರಿ ಓಡಬೇಕು.

ಆಂಟಿ ಮಾತಾಡಲಿಲ್ಲ. ಗೋಡೆಯ ಮೇಲೆ ಒಂಬತ್ತು ಅವರೆಕಾಳನ್ನು ಮೂರು ಸಾಲಾಗಿ ಇಟ್ಟರು. ಬೆರಳನ್ನು ನೀರಲ್ಲಿ ಅದ್ದಿ ಕಾಳುಗಳ ನಡುವೆ, ಒಂದನ್ನೂ ಮುಟ್ಟದೆ, ಬಳಸಿಕೊಂಡು ಒಂದು ಗೆರೆ ಎಳೆದರು. "ಇದೇ ಅಲ್ವಾ ನೀನು ಹೇಳಿದ್ದು? ಇದು ನಮ್ಮ ಎಳೆ ರಂಗೋಲಿ ಕಣಮ್ಮಾ. ಚುಕ್ಕಿ ಸೇರಿಸೋದು ಒಂದು ಥರ, ಚುಕ್ಕಿ ಸುತ್ತಿ ಹೋಗೋದು ಇನ್ನೊಂದು ಥರ. ಇದು ಎರಡನೇದು."

ಎಷ್ಟು ವರ್ಷದಿಂದ ಆ ಆಟ ನೋಡುತ್ತಿದ್ದೇನೆ, ನಮ್ಮ ಬಾಗಿಲಲ್ಲೇ ದಿನಾ ರಂಗೋಲಿ ತುಳಿಯದೆ ದಾಟುತ್ತೇನೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ನನಗೆ ಹೊಳೆದೇ ಇರಲಿಲ್ಲ. ನೀರಿನ ಗೆರೆ ಬಿಸಿಲಿಗೆ ಆರುವಷ್ಟರಲ್ಲಿ ಹುಟ್ಟುಹಬ್ಬದ ಆಟ ತಯಾರಾಗಿತ್ತು.

ಅಸಲು ಆಟದಲ್ಲಿ 240 ಚಿಕ್ಕ ಚುಕ್ಕಿ, 4 ದಪ್ಪ ಚುಕ್ಕಿ. ಚಿಕ್ಕದಕ್ಕೆ 10 ಅಂಕ, ದಪ್ಪದಕ್ಕೆ 50. ನಮ್ಮ ತಾರಸಿಗೆ ಅಷ್ಟು ಹಿಡಿಸುವುದಿಲ್ಲ. ಆಂಟಿ ಹೇಳಿದ ಲೆಕ್ಕ ಹೀಗಿದೆ: 13 ಚುಕ್ಕಿ, 11 ಸಾಲು, ಚುಕ್ಕಿಯಿಂದ ಚುಕ್ಕಿಗೆ ಎರಡಡಿ. ಅಂದರೆ 24 ಅಡಿ ಉದ್ದ, 20 ಅಡಿ ಅಗಲ. ಒಟ್ಟು 143 ಚುಕ್ಕಿ. ನಾಲ್ಕು ಮೂಲೆ ಬಿಟ್ಟು ಉಳಿದ 139ರ ಮೇಲೆ ಒಂದೊಂದು ಹುಣಸೆಬೀಜ. ಮೂಲೆಯಲ್ಲಿ ಸ್ಟೀಲ್ ಬಟ್ಟಲಲ್ಲಿ ಒಂದೊಂದು ರವೆಉಂಡೆ. ಗೆರೆಯನ್ನು ರಂಗೋಲಿ ಪುಡಿಯಲ್ಲಿ ಹಾಕಿದರೆ ಮಕ್ಕಳ ಕಾಲಿಗೆ ಅಳಿಸಿಹೋಗುತ್ತದೆ, ಆದ್ದರಿಂದ ಸುಣ್ಣ ಕಲಸಿ ಎಳೆಯುವುದು ಅಂತಾಯಿತು.

ಭೂತಗಳ ವಿಷಯ ಆಂಟಿಗೆ ಬಹಳ ಹಿಡಿಸಿತು. ನಾಲ್ಕಕ್ಕೂ ಬೇರೆ ಬೇರೆ ಬುದ್ಧಿ ಇದೆ. ಕೆಂಪು ಭೂತ ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿ ಭೂತ ನೀವು ಹೋಗುವ ದಾರಿಯ ಮುಂದೆ ಹೋಗಿ ಕಾಯುತ್ತದೆ. ನೀಲಿ ಭೂತ ಕೆಂಪು ಎಲ್ಲಿದೆ ಅಂತಲೂ ನೋಡಿಕೊಂಡು ದಾರಿ ಹಿಡಿಯುವುದರಿಂದ ಅದರ ನಡೆ ಊಹಿಸುವುದು ಕಷ್ಟ. ಕಿತ್ತಳೆ ಭೂತ ದೂರದಿಂದ ಅಟ್ಟಿಸಿಕೊಂಡು ಬಂದು, ಹತ್ತಿರ ಬರುತ್ತಿದ್ದ ಹಾಗೆ ತನ್ನ ಮೂಲೆಗೆ ತಿರುಗಿಬಿಡುತ್ತದೆ. "ಆ ಕಿತ್ತಳೆದು ನಿಮ್ಮ ತಂಗಿ ಮಗಳಿಗೆ ಕೊಡು. ಪಾಪ, ನಾಚಿಕೆ ಸ್ವಭಾವ. ಹತ್ತಿರ ಹೋಗಿ ವಾಪಸ್ ಬರೋದೇ ಅವಳ ಕೆಲಸ ಅಂತಾದ್ರೆ ಆರಾಮಾಗಿ ಆಡ್ತಾಳೆ," ಅಂದರು. ಆ ಹುಡುಗಿಯನ್ನು ಅವರು ನೋಡಿದ್ದು ಎರಡೇ ಸಲ. ವೇಷಕ್ಕೆ ಹಳೇ ಬೆಡ್‌ಶೀಟು ಅವರ ಮನೆಯಲ್ಲೇ ಇವೆಯಂತೆ, ಬಣ್ಣ ಅದ್ದಿದರೆ ಆಯಿತು.

ಓಡುವುದಂತೂ ಬೇಡ, ಅದು ತಾರಸಿ. ಅದಕ್ಕೆ ಆಂಟಿ ಒಂದು ಕಟ್ಟಳೆ ಮಾಡಿದರು. ಅವರು ಜಾಗಟೆ ಬಾರಿಸುತ್ತಾರೆ. ಒಂದು ಪೆಟ್ಟಿಗೆ ಒಂದು ಚುಕ್ಕಿ. ಭೂತವೂ ಅಷ್ಟೇ, ಗುಂಡಣ್ಣನೂ ಅಷ್ಟೇ. ಇದರಿಂದ ಐದು ವರ್ಷದ ಮಗುವೂ ಹನ್ನೆರಡು ವರ್ಷದ ಹುಡುಗನೂ ಸಮಸಮ. ಎದುರು ಮನೆಯ ಹುಡುಗನಿಗೆ ಸೈಕಲ್‌ನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಅವನಿಗೆ ಏನು ಕೆಲಸ ಅಂತ ನಾನು ಚಿಂತೆ ಮಾಡುತ್ತಿದ್ದೆ. ಅಸಲು ಮೆಷೀನಿನಲ್ಲಿ ಆಡುವವರ ಕೈಗೆ ಸಿಗುವುದು ಒಂದೇ ಒಂದು ಕಡ್ಡಿ. ಮೇಲೆ, ಕೆಳಗೆ, ಎಡ, ಬಲ, ಇಷ್ಟೇ ಅದರ ಕೆಲಸ. ಆ ಹುಡುಗ ನೀರಿನ ಟ್ಯಾಂಕಿನ ಪಕ್ಕ ಕುರ್ಚಿಯಲ್ಲಿ ಕೂತು ದಿಕ್ಕು ಕೂಗಲಿ, ನಡೆಯುವವನು ಅವನ ಮಾತು ಕೇಳಲಿ. ಇಡೀ ಆಟ ಅವನ ಕೈಯಲ್ಲೇ ಇದ್ದ ಹಾಗಾಯಿತು.

ಗೇಮಿನಲ್ಲಿ ಮೂರು ಲೈಫ್ ಇರುತ್ತವೆ. ಅದಕ್ಕೆ ನಾನು ಚಿಕ್ಕ ಚಿಕ್ಕ ಬಲೂನು ಅಂದುಕೊಂಡಿದ್ದೆ. "ಎಳ್ಳು ಬೀರಿ ಉಳಿದ ಸಕ್ಕರೆ ಅಚ್ಚು ಡಬ್ಬದ ತುಂಬ ಇರತ್ತಲ್ಲ," ಅಂದರು ಆಂಟಿ. ಸರಿ, ಪ್ರತಿ ಮಗುವಿಗೂ ಮೂರು ಅಚ್ಚು. ಭೂತ ಹಿಡಿದರೆ ಒಂದನ್ನು ಒಪ್ಪಿಸಬೇಕು. ಉಳಿಸಿಕೊಂಡದ್ದನ್ನು ತಿನ್ನಬಹುದು.

ಇಷ್ಟರಲ್ಲಿ ಅಂಕಲ್ ಹೊರಗೆ ಬಂದರು. ಅವರು ನಮ್ಮ ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ರೈಲ್ ವೀಲ್ ಫ್ಯಾಕ್ಟರಿ ಅಂತ ಈಗ ಬೋರ್ಡಿನಲ್ಲಿದ್ದರೂ ಹಳಬರು ಅದನ್ನು ಇವತ್ತಿಗೂ 'ವೀಲ್ ಅಂಡ್ ಆಕ್ಸಲ್' ಅಂತಲೇ ಕರೆಯುವುದು. ಅದು ಉದ್ಘಾಟನೆಯಾದದ್ದು 1984ರಲ್ಲಿ. ಅದೇ ವರ್ಷ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬವರು ಟೆಟ್ರಿಸ್ ಮಾಡಿದರು ಅಂತ ನಾನು ಹೇಳಿದ್ದೇ ತಡ, ಅಂಕಲ್ ಅದೇನು ಅಂತ ಕೇಳಿದರು. ಏಳು ಆಕಾರಗಳು, ಪ್ರತಿಯೊಂದರಲ್ಲೂ ನಾಲ್ಕು ಚೌಕ, ಸಂದಿಲ್ಲದ ಹಾಗೆ ಜೋಡಿಸಬೇಕು. ಆ ಏಳೂ ಆಕಾರಗಳನ್ನು ಕೊಬ್ಬರಿ ಮಿಠಾಯಿಯಲ್ಲಿ ಕತ್ತರಿಸಿ ತಟ್ಟೆಯಲ್ಲಿ ಜೋಡಿಸಿದರೆ ಚೆನ್ನಾಗಿರುತ್ತದೆ ಅನ್ನುವುದು ನನ್ನ ಯೋಜನೆ. ಬೀಟ್‌ರೂಟಿನ ಕೆಂಪು, ಅರಿಶಿನದ ಹಳದಿ, ಪಾಲಕ್ ಹಸಿರು, ಹೀಗೆ. ಏಳು ನಾಲ್ಕಲಿ ಇಪ್ಪತ್ತೆಂಟು. ನಾಲ್ಕು ಚೌಕ ಅಗಲ, ಏಳು ಚೌಕ ಉದ್ದದ ತಟ್ಟೆಗೆ ಸರಿಹೋಗಬೇಕು.

ಸರಿಹೋಗಲಿಲ್ಲ. ಅಂಕಲ್ ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ಏಳೂ ಆಕಾರ ಕತ್ತರಿಸಿಕೊಂಡು ಇಡೀ ಮಧ್ಯಾಹ್ನ ಜೋಡಿಸಿದರು. ಪ್ರತಿ ಸಲವೂ ಒಂದು ಮೂಲೆ ಉಳಿಯುತ್ತಿತ್ತು. ಸಂಜೆ ಹೊತ್ತಿಗೆ ಗೋಡೆಯ ಹತ್ತಿರ ಬಂದು, "ಆಗಲ್ಲಮ್ಮ ಇದು. ನನಗೆ ಕಾರಣ ಸಿಕ್ತು," ಅಂದರು. ತಟ್ಟೆಗೆ ಚದುರಂಗದ ಮಣೆಯ ಹಾಗೆ ಕಪ್ಪು ಬಿಳಿ ಬಣ್ಣ ಕೊಟ್ಟರೆ ಹದಿನಾಲ್ಕು ಕಪ್ಪು, ಹದಿನಾಲ್ಕು ಬಿಳಿ. ಆರು ಆಕಾರಗಳು, ಹೇಗಿಟ್ಟರೂ, ಎರಡು ಕಪ್ಪು ಎರಡು ಬಿಳಿಯನ್ನು ಮುಚ್ಚುತ್ತವೆ. ಟಿ ಅಕ್ಷರದ ಹಾಗಿರುವ ಒಂದು ಮಾತ್ರ ಮೂರು ಒಂದು ಬಣ್ಣ, ಒಂದು ಇನ್ನೊಂದು ಬಣ್ಣ. ಅದೊಂದರಿಂದ ಲೆಕ್ಕ 15ಕ್ಕೆ 13 ಆಗಿಬಿಡುತ್ತದೆ. ಯಾರು ಎಷ್ಟು ಹೊತ್ತು ಕೂತರೂ ಆಗದ ಕೆಲಸ ಅದು. ಪ್ರತಿ ಆಕಾರವನ್ನೂ ಎರಡೆರಡು ಮಾಡಿದರೆ ಆ ಅಡ್ಡಿ ಹೋಗುತ್ತದೆ. ಹಾಗಾಗಿ ಮಿಠಾಯಿ 56 ಚೌಕಕ್ಕೆ ಏರಿತು. ಒಬ್ಬ ಮನುಷ್ಯ ರಟ್ಟಿನ ಚೂರು ಹಿಡಿದು ಒಂದು ಗಣಿತದ ಸತ್ಯವನ್ನು ತಾನೇ ಕಂಡುಕೊಂಡಾಗ ಮುಖದಲ್ಲಿ ಮೂಡುವ ಬೆಳಕನ್ನು ನಾನು ಅವತ್ತು ನೋಡಿದೆ. ಹುಟ್ಟುಹಬ್ಬದ ದಿನ ದೊಡ್ಡ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಅವರೇ.

ಕೇಕಿನ ಚರ್ಚೆ ಬೇಗ ಮುಗಿಯಿತು. ಪ್ಯಾಕ್‌ಮ್ಯಾನ್ ರೂಪ ಹೊಳೆದದ್ದು ಒಂದು ತುಂಡು ತೆಗೆದ ಪಿಟ್ಜಾ ನೋಡಿ ಅಂತ ಇವಾತಾನಿ ಹೇಳಿದ್ದುಂಟು. ನಮಗೆ ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್ ಇದೆ. ದುಂಡಗಿರುವ ಇಡೀ ದಿಲ್‌ಪಸಂದ್ ತಂದು, ಒಂದು ತ್ರಿಕೋನ ತೆಗೆದು, ಕಣ್ಣಿಗೆ ಒಂದು ದ್ರಾಕ್ಷಿ ಇಟ್ಟರೆ ಮುಗಿಯಿತು. ಬಣ್ಣದ ಕ್ರೀಮಿನ ಗೊಡವೆ ಇಲ್ಲ. ಮೇಣದಬತ್ತಿ ಊದುವುದಕ್ಕೆ ಮುಂಚೆ ಆರತಿ ಆಗಬೇಕು ಅನ್ನುವುದು ಆಂಟಿಯ ಷರತ್ತು, ಅದಕ್ಕೆ ನನ್ನದೂ ಒಪ್ಪಿಗೆ. ಊಟಕ್ಕೆ ಅವರೆಕಾಳು ಉಪ್ಪಿಟ್ಟು, ಕೋಡುಬಳೆ, ಪಾಯಸ.

ಬಾಗಿಲ ಅಲಂಕಾರ ಮಾತ್ರ ನನ್ನದೇ ಆಸೆ. ಅದು ಮಾರಿಯೋ. ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮಿನ ಕ್ಯಾಸೆಟ್ಟನ್ನು ಊದಿ ಊದಿ ಹಾಕಿ, ಅಣ್ಣ ತಂಗಿ ಸರದಿ ಹಚ್ಚಿ ಆಡುತ್ತಿದ್ದೆವಲ್ಲ, ಆ ಮಾರಿಯೋ. 1985ರ ಆ ಇಡೀ ಆಟ 40 ಕಿಲೋಬೈಟ್‌ನಲ್ಲಿ ಕೂತಿತ್ತು. ಇವತ್ತು ಫೋನಿನಲ್ಲಿ ತೆಗೆಯುವ ಒಂದು ಫೋಟೋಗೂ ಅದಕ್ಕಿಂತ ಜಾಸ್ತಿ ಜಾಗ ಬೇಕು. ಜಾಗ ಸಾಲದೆ ಅದನ್ನು ಮಾಡಿದವರು ಒಂದು ಉಪಾಯ ಹೂಡಿದರು. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ನಾನೂ ಹಾಗೇ ಮಾಡುತ್ತಿದ್ದೇನೆ. ರಟ್ಟಿನಲ್ಲಿ ಒಂದೇ ಅಚ್ಚು ಕತ್ತರಿಸಿ ಆರು ಬಿಳಿ ಹಾಳೆ, ಆರು ಹಸಿರು ಹಾಳೆ. ಮಾರಿಯೋಗೆ ಟೋಪಿ ಬಂದದ್ದು ಕೂದಲು ಬರೆಯುವುದು ಕಷ್ಟವಾಗಿ. ಮೀಸೆ ಬಂದದ್ದು ಬಾಯಿ ಬರೆಯುವಷ್ಟು ಚುಕ್ಕಿ ಇಲ್ಲದೆ. ಇದನ್ನು ಮಗನಿಗೆ ಹೇಳಿದಾಗ ಅವನು ಗ್ರಾಫ್ ಹಾಳೆ ತಂದು, ಹದಿನಾರು ಚೌಕಕ್ಕೆ ಹದಿನಾರು ಚೌಕದಲ್ಲಿ ತನ್ನ ಮುಖ ತಾನೇ ಬರೆದುಕೊಳ್ಳಲು ಕೂತ. ಬಂದೂಕಿನ ಮಾತು ಆಮೇಲೆ ಅವನ ಬಾಯಲ್ಲಿ ಬಂದಿಲ್ಲ.

"ಇವನ್ನೆಲ್ಲ ಯಾರಮ್ಮಾ ಮಾಡೋರು?" ಅಂತ ಕೇಳಿದ. ನಮ್ಮ ಊರಲ್ಲೇ ಮಾಡುತ್ತಾರೆ ಅಂದೆ. ಧ್ರುವ ಇಂಟರ್‌ಆಕ್ಟಿವ್ ಅನ್ನುವ ಗೇಮ್ ಕಂಪನಿ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಅನ್ನುವ ಇನ್ನೊಂದು ಗೇಮ್ ಕಂಪನಿ ಕೊಂಡುಕೊಂಡಿತು. ಅವನು ಗ್ರಾಫ್ ಹಾಳೆಯ ಮೂಲೆಯಲ್ಲಿ 'ಧ್ರುವ' ಅಂತ ಬರೆದಿಟ್ಟುಕೊಂಡಿದ್ದಾನೆ.

ರಿಟರ್ನ್ ಗಿಫ್ಟ್ ಆಂಟಿಯದು. ಅದರಲ್ಲಿ ನನಗೆ ಮಾತಿಗೆ ಅವಕಾಶ ಸಿಗಲಿಲ್ಲ. ಹಳೇ ಕಾಟನ್ ಪಂಚೆ ಕತ್ತರಿಸಿ, ಐದು ಮನೆಗೆ ಐದು ಮನೆಯ ಚೌಕಾಬಾರ ಪಟ ಬರೆದು, ನಾಲ್ಕು ಕವಡೆ ಕಟ್ಟಿಕೊಡುತ್ತಾರಂತೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಬಾರ, ಅಂದರೆ ಎಂಟು. ಎಂಟು ತುಂಬುವ ಹುಡುಗನಿಗೆ ಒಪ್ಪುವ ಆಟ ಅಂತ ಅವರ ವಾದ.

ಈಗ ಉಳಿದಿರುವ ಕೆಲಸ ಮಾರಿಯೋನ ಇಟ್ಟಿಗೆ ಗೋಡೆ ಒಂದೇ. ಅದಕ್ಕೆ ಒಂದೇ ಅಳತೆಯ 30 ರಟ್ಟಿನ ಡಬ್ಬ ಬೇಕು. ಸಂತೆ ಸರ್ಕಲ್ ಕಡೆಯ ಅಂಗಡಿಗಳಲ್ಲಿ ಬೇಡಿ ತಂದದ್ದು 22. ಯಲಹಂಕದ ಕಡೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯಲ್ಲಿರುವ ಖಾಲಿ ಡಬ್ಬಗಳನ್ನು ಸಂಕ್ರಾಂತಿವರೆಗೆ ಹಳೇ ಪೇಪರಿನವರಿಗೆ ಹಾಕಬೇಡಿ. ನಮಗೆ ಇನ್ನೂ ಎಂಟು ಬೇಕು.