23 ಡಿಗ್ರಿಯಲ್ಲಿ ಪಂಚೆ

ಅಮೆರಿಕದ ವರ್ಮಾಂಟ್‌ನಲ್ಲಿರುವ ಮಗಳ ಮನೆಗೆ ಹೋದ ಹೊಸತರಲ್ಲಿ ಮೊಮ್ಮಗನ ಮುಂದೆ ಕೊಚ್ಚಿಕೊಂಡೆ: "ಹಿಮದ ಒಂದೊಂದು ಹಳುಕೂ ಆರು ಮೂಲೆ ನಕ್ಷತ್ರ ಕಣೋ. ಬಾ, ತೋರಿಸ್ತೀನಿ."

ಮಗಳ ಫೋನು 23 ಡಿಗ್ರಿ ಅನ್ನುತ್ತಿತ್ತು. ಆಹಾ, ಬೆಂಗಳೂರಿನ ಸಂಜೆ! ಕಿಟಕಿಯಾಚೆ ಹಿಮ ಸುರಿಯುತ್ತಿದ್ದರೂ, ಆಯಸ್ಸೆಲ್ಲ ಭೌತಶಾಸ್ತ್ರ ಪಾಠ ಹೇಳಿದ ನನಗೆ ಅದು ಫ್ಯಾರನ್‌ಹೀಟ್ ಅಂತ ಹೊಳೆಯಲಿಲ್ಲ. ಪಂಚೆ, ಸ್ವೆಟರ್, ಮಂಕಿ ಕ್ಯಾಪ್ ಏರಿಸಿ, ಭೂತಗನ್ನಡಿ ಹಿಡಿದು ಹೊರಟೆ. ಹಿಮ ಹಿಡಿಯಲು ಹೆಂಡತಿಯ ಕಪ್ಪು ಶಾಲು. ಆಗತಾನೆ ಡ್ರೈಯರ್‌ನಿಂದ ಬಂದದ್ದು, ಬೆಚ್ಚಗಿತ್ತು. ಬಿದ್ದ ಹಿಮವೆಲ್ಲ ಕ್ಷಣದಲ್ಲಿ ನೀರು.

ಶಾಲು ತಣ್ಣಗಾದ ಮೇಲೆ ನೋಡಿದರೆ ನಕ್ಷತ್ರವೆಲ್ಲಿ? ಬರೀ ಸಣ್ಣ ಸಣ್ಣ ಕಡ್ಡಿ.

"ತಾತ, ಇದು ಶ್ಯಾವಿಗೆ."

ಒದ್ದೆಯಾದ ಪಂಚೆಯಂಚು ಹಪ್ಪಳದಂತೆ ಸೆಟೆದಿತ್ತು. ಒಳಗೆ ಬಂದು ಬಿಸಿನೀರಲ್ಲಿ ಕಾಲಿಟ್ಟು ಓದಿದೆ. 23 ಫ್ಯಾರನ್‌ಹೀಟ್ ಅಂದರೆ ಮೈನಸ್ 5 ಸೆಲ್ಸಿಯಸ್. ಆ ಚಳಿಯಲ್ಲಿ ಮೋಡದೊಳಗೆ ಹುಟ್ಟುವುದು ಸೂಜಿ, ಕಂಬಗಳೇ. ಮೈನಸ್ 2ರಲ್ಲಾದರೆ ತೆಳು ಬಿಲ್ಲೆ. ಕವಲೊಡೆದ ನಕ್ಷತ್ರ ಬೇಕೆಂದರೆ ಮೈನಸ್ 15ರ ಆಸುಪಾಸು, ಜೊತೆಗೆ ಧಾರಾಳ ತೇವ. ಜಪಾನಿನ ಉಕಿಚಿರೊ ನಕಾಯ 1936ರಲ್ಲಿ ಹೊಕ್ಕೈಡೊದ ಪ್ರಯೋಗಾಲಯದಲ್ಲಿ ಮೊಲದ ಕೂದಲಿನ ಮೇಲೆ ಹಿಮದ ಹರಳು ಬೆಳೆಸಿ, ಆಮೇಲೆ ಈ ಗುಟ್ಟನ್ನೆಲ್ಲ ಬಿಡಿಸಿಟ್ಟಿದ್ದರು. ಮಳೆಹನಿ ಹೆಪ್ಪುಗಟ್ಟಿದರೆ ಹಿಮ ಅಂತ ಅಳಿಯನಿಗೆ ಹೇಳಿದ್ದೂ ತಪ್ಪೇ. ಮೋಡದಲ್ಲಿ ಧೂಳಿನ ಕಣದ ಸುತ್ತ ಕಟ್ಟಿದ ಪುಟ್ಟ ಮಂಜುಗಡ್ಡೆಗೆ ನೀರಾವಿ ನೇರವಾಗಿ ಬಂದು ಅಂಟುತ್ತದೆ. ನೀರಿನ ಅಣುಗಳು ಆರಾರಾಗಿ ಕೈಹಿಡಿಯುವುದರಿಂದ ಆರು ಮೂಲೆ. ಪಂಕ್ತಿಯ ತುದಿಯಲ್ಲಿ ಕೂತವರ ಎಲೆಗೆ ಹೋಳಿಗೆ ಮೊದಲು ಬೀಳುವಂತೆ, ಹೊರಚಾಚಿದ ಮೂಲೆಗೆ ಆವಿ ಮೊದಲು ಸಿಗುತ್ತದೆ, ಮೂಲೆ ಕೊಂಬೆಯಾಗುತ್ತದೆ.

ಮುಂದಿನ ವಾರ ಫೋನು 5 ತೋರಿಸಿತು. ಮೈನಸ್ 15! ಈ ಸಲ ಪ್ಯಾಂಟಿನ ಮೇಲೆ ಪ್ಯಾಂಟು. ಶಾಲನ್ನು ಮೊದಲೇ ಹೊರಗಿಟ್ಟಿದ್ದೆ. ಬಿತ್ತು! ಆರು ಗರಿ, ಒಂದೊಂದು ಗರಿಗೂ ಎಡಬಲಕ್ಕೆ ಎಳೆಗರಿ, ನಡುವೆ ಸಾಸಿವೆಗಿಂತ ಚಿಕ್ಕ ಷಟ್ಕೋನ. ಬಗ್ಗಿ, ಮೂಗು ತಾಗಿಸುವಷ್ಟು ಹತ್ತಿರದಿಂದ ಕೂಗಿದೆ: "ಸಿಕ್ತು ನೋಡೋ ಮಗಾ!"

ನನ್ನ ಬಾಯಿಯ ಬಿಸಿಗಾಳಿಗೆ ನಕ್ಷತ್ರ ಹನಿಯಾಗಿ ಕೂತಿತ್ತು.

"ಮದುವೆಯಾದಾಗಿನಿಂದ ಬಡ್ಕೊಳ್ತಿದೀನಿ, ಬಾಯಿ ಮುಚ್ರೀ ಅಂತ," ಬಾಗಿಲಿಂದ ಹೆಂಡತಿ.

ಇದೇ ವರ್ಮಾಂಟ್‌ನ ಜೆರಿಕೊದ ರೈತ ವಿಲ್ಸನ್ ಬೆಂಟ್ಲಿ 1885ರಿಂದ 5000ಕ್ಕೂ ಹೆಚ್ಚು ಹರಳುಗಳ ಫೋಟೊ ತೆಗೆದ. ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ, ಉಸಿರು ಬಿಗಿಹಿಡಿದು. ಮದುವೆಯಾಗಿರಲಿಲ್ಲ, ಯಾರು ಹೇಳಿಕೊಟ್ಟರೋ!

ನೀವು ಹೋಗುವುದಾದರೆ ಕಪ್ಪು ಬಟ್ಟೆಯನ್ನು ಹತ್ತು ನಿಮಿಷ ಮೊದಲೇ ಹೊರಗಿಡಿ. ಮಾತನ್ನು ಒಳಗೇ ಬಿಟ್ಟುಹೋಗಿ.